ವಿಮಾನ ಪದವಿನ ಉಪ್ಪಿನ ಗುಂಡಿಗಳು

ಗಿಡಗಳು ಯಾಕೆ ಸತ್ತವು ಎಂದು ಇಂಜಿನಿಯರರು ಎಲ್ಲರೆದುರು ಕೇಳಿದ ದಿನ ನಾನು ಬಾಯಿ ಬಿಡಲಿಲ್ಲ. ಅದರ ಉತ್ತರ ಆ ಪದವಿನ ಮೇಲೆ, ಆ ಬೋಳು ಬಯಲಿನಲ್ಲಿ, ಇಬ್ಬರಿಗೆ ಮಾತ್ರ ಗೊತ್ತಿತ್ತು, ನನಗೆ ಮತ್ತು ನನ್ನ ಅಕ್ಕನಿಗೆ. ಅಕ್ಕ ಇಪ್ಪತ್ತು ಹೆಜ್ಜೆ ಆಚೆ ಕೊಡಪಾನವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ನಾನು ಹೇಳುತ್ತೇನೆಂದು ಕಾದಳು. ನಾನು ಹೇಳಲಿಲ್ಲ.

ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆಗೆ ಹೋದವನು. ಹಾಜರಿ ಪುಸ್ತಕ ಬರೆದದ್ದು ಬಿಟ್ಟರೆ ಬೇರೆ ಬರೆದು ರೂಢಿಯಿಲ್ಲ. ನಮ್ಮ ಮನೆಮಾತು ತುಳು. ಇಲ್ಲಿ ಬರುವ ಮಾತುಗಳನ್ನು ನನಗೆ ತಿಳಿದ ಕನ್ನಡದಲ್ಲಿ ಹಾಕಿದ್ದೇನೆ.

ಮಣಿಪಾಲ ದಾಟಿ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಬೋಳು ಪದವು ಇತ್ತು. ಎತ್ತರದಲ್ಲಿ ಚಪ್ಪಟೆಯಾಗಿ ಹಬ್ಬಿದ ಮುರಕಲ್ಲಿನ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ಬಯಲು. ಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ಇಳಿಯಲು ಪಟ್ಟಿ ಹಾಕಿದರು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಸಣ್ಣ ವಿಮಾನಗಳು ಟಪಾಲನ್ನೂ ನಾಲ್ಕೈದು ಜನರನ್ನೂ ತರುತ್ತಿದ್ದವು. ಮಂಗಳೂರಿನ ಕಡೆ ದೊಡ್ಡ ನಿಲ್ದಾಣ ಆದದ್ದೇ ಇದು ಯಾರಿಗೂ ಬೇಡವಾಯಿತು. ಉಳಿದದ್ದು ಡಾಮರು ಎದ್ದುಹೋದ ಉದ್ದದ ಪಟ್ಟಿ, ಎರಡು ಕೋಣೆಯ ಕಟ್ಟಡ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಹರಿದುಹೋಗಿ ಬರೇ ಕಬ್ಬಿಣದ ಬಳೆ ಉಳಿದ ಒಂದು ಕಂಬ. ಊರಿನವರು ಅದನ್ನು ವಿಮಾನ ಪದವು ಎಂದೇ ಕರೆಯುತ್ತಿದ್ದರು.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ಊರಿನ ದೊಡ್ಡವರು ಸಮಿತಿ ಮಾಡಿ, ಆ ಜಾಗವನ್ನು ಕೇಳಿ ಪಡೆದರು. ಎಲ್ಲ ಜಾತಿಯವರೂ ಟಿಕೇಟಿಲ್ಲದೆ ಬಂದು ಕೂರುವಂಥ ದೊಡ್ಡ ಪಾರ್ಕು ಮಾಡುವುದೆಂದು ನಿಶ್ಚಯವಾಯಿತು. ನೌಕರಿಯಿಂದ ನಿವೃತ್ತರಾಗಿ ಉಡುಪಿಯಲ್ಲಿ ಇದ್ದ ಒಬ್ಬರು ಇಂಜಿನಿಯರರು ನಕ್ಷೆ ಮಾಡಿದರು. ವಿಮಾನ ಓಡುತ್ತಿದ್ದ ಪಟ್ಟಿ ನಡುವೆ ನಡೆದಾಡುವ ದಾರಿಯಾಗಿ ಉಳಿಯುವುದು. ಅದರ ಎರಡೂ ಬದಿ ಎರಡೆರಡು ಸಾಲು ಮರ. ವಿಮಾನ ತಿರುಗುತ್ತಿದ್ದ ಅಗಲ ಜಾಗದಲ್ಲಿ ಮಕ್ಕಳ ಆಟ. ಎರಡು ಕೋಣೆಯ ಕಟ್ಟಡ ಓದುವ ಮನೆ. ಕೆಲಸ ನೋಡಿಕೊಳ್ಳಲು ಒಬ್ಬ ಓವರ್ಸಿಯರ್. ಅವನ ಕೈಕೆಳಗೆ ನಾನು ಮೇಸ್ತ್ರಿ. ಹೆಸರು ಬರೆಯಲು ಬರುತ್ತಿದ್ದ ಕಾರಣಕ್ಕೆ ಆ ಕೆಲಸ ಸಿಕ್ಕಿತ್ತು.

ಗುಂಡಿ ತೆಗೆಯುವುದೇ ಮೊದಲ ಕಷ್ಟವಾಯಿತು. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ ಎಂದು ನಕ್ಷೆಯಲ್ಲಿತ್ತು. ವಿಮಾನ ದಾರಿ ತಪ್ಪಿ ಬದಿಗೆ ಹೋದರೂ ಹೂತುಹೋಗಬಾರದೆಂದು ಪಟ್ಟಿಯ ಎರಡೂ ಬದಿಯ ನೆಲಕ್ಕೂ ರೋಲರ್ ಓಡಿಸಿ ಗಟ್ಟಿ ಮಾಡಿದ್ದರು. ಪಿಕಾಸು ಹಾಕಿದರೆ ಕಿಡಿ ಹಾರುತ್ತಿತ್ತು, ನೆಲ ಬಿಡುತ್ತಿರಲಿಲ್ಲ. ಇಬ್ಬರು ಗಂಡಾಳುಗಳು ಬೆಳಗಿನಿಂದ ಸಂಜೆಯವರೆಗೆ ಅಗೆದರೆ ಒಂದು ಗುಂಡಿ ಅರ್ಧವೂ ಆಗುತ್ತಿರಲಿಲ್ಲ. ಓವರ್ಸಿಯರ್ ದಿನಾ ಬಂದು, "ಎಂತ ಮೇಸ್ತ್ರಿ, ಇದು ಪಾರ್ಕು ಆಗುವಾಗ ನಾವು ಮುದುಕರಾಗಿ ಕೋಲು ಹಿಡಿದು ಬರಬೇಕಾ?" ಎಂದು ಕೇಳುತ್ತಿದ್ದ.

ಆಗ ನನಗೆ ನಮ್ಮ ಅಪ್ಪ ನೆನಪಾದರು. ಅಪ್ಪ ಮುರಕಲ್ಲಿನಲ್ಲಿ ತೆಂಗಿನ ಗುಂಡಿ ತೆಗೆಯುವಾಗ ಉಪ್ಪು ಹಾಕುತ್ತಿದ್ದರು. ಉಪ್ಪು ಬಿದ್ದ ಮುರಕಲ್ಲಿಗೆ ಮಳೆನೀರು ಇಳಿದರೆ ಕಲ್ಲು ಮೆತ್ತಗಾಗುತ್ತದೆ. ನಮ್ಮ ಕಡೆಯ ರೈತರಿಗೆಲ್ಲ ಗೊತ್ತಿರುವ ವಿಷಯ. ಕಾಪುವಿನ ಕಡಲ ಬದಿಯಲ್ಲಿ ಮೀನಿಗೆ ಹಾಕಿ ಉಳಿದ ಕಂದು ಉಪ್ಪು ಅಗ್ಗಕ್ಕೆ ಸಿಗುತ್ತಿತ್ತು. ಎತ್ತಿನ ಗಾಡಿಯಲ್ಲಿ ತರಿಸಿ, ಬೇಸಿಗೆಯ ಕೊನೆಗೆ, ಅರ್ಧ ಅಗೆದ ಗುಂಡಿಗಳಿಗೆಲ್ಲ ಬುಟ್ಟಿಯಿಂದ ಸುರಿಸಿದೆ. ಪದವಿಡೀ ಮೀನಿನ ವಾಸನೆ. ಗಿಡುಗಗಳು ಮೇಲೆ ಸುತ್ತಲು ಸುರು ಮಾಡಿದವು.

"ಮೇಸ್ತ್ರಿ, ನಾವು ಪಾರ್ಕು ಮಾಡುವುದಾ, ಬೂತಾಯಿ ಮೀನು ಒಣಗಿಸುವುದಾ?" ಎಂದು ಒಬ್ಬ ಕೇಳಿದ.

"ವಿಮಾನ ನಿಂತಿತು, ಈಗ ಗಿಡುಗ ಇಳಿಯುತ್ತದೆ" ಎಂದ ಇನ್ನೊಬ್ಬ.

ನಾನೂ ನಕ್ಕೆ. ಮಳೆಗೆ ಉಪ್ಪು ಕರಗಿ ಹೋಗುತ್ತದೆಂದು ಆಳುಗಳೂ ಓವರ್ಸಿಯರನೂ ಎಣಿಸಿದ್ದರು. ಉಪ್ಪಿನ ವಿಷಯ ಇಂಜಿನಿಯರರಿಗೆ ಹೇಳಲಿಲ್ಲ. ಕೇಳಿದರೆ ಬೇಡ ಎನ್ನಬಹುದು ಎಂಬ ಹೆದರಿಕೆ ಇತ್ತು. ಮಳೆ ಹಿಡಿದು ತಿಂಗಳಾಗುವಾಗ ಗುಂಡಿಯ ತಳ ಹಾರೆಗೆ ಸಿಕ್ಕಿತು. ನೀರು ಮೊಗೆದು ಹಾಕಿ ಅಗೆದೆವು. ಮಳೆಗಾಲ ಮುಗಿಯುವ ಮೊದಲೇ ಗುಂಡಿಗಳೆಲ್ಲ ಆದವು. ಇಂಜಿನಿಯರರು ನೋಡಿ, "ನಮ್ಮ ಮೇಸ್ತ್ರಿ ಚುರುಕು" ಎಂದರು. ಆ ಮಾತಿನ ಖುಷಿ ನನಗೆ ಬಹಳ ದಿನ ಇತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವಳನ್ನು ಕಾಪುವಿನ ಹತ್ತಿರದ ಇನ್ನಂಜೆಗೆ ಮದುವೆ ಮಾಡಿ ಕೊಟ್ಟಿತ್ತು. ಭಾವ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವಳು ಕೆಲಸಕ್ಕೆ ಬಂದಳು. ಸೋಮವಾರ ಬಂದು ನಮ್ಮ ಮನೆಯಲ್ಲಿ ಉಳಿಯುವುದು, ಶನಿವಾರ ಇನ್ನಂಜೆಗೆ ಹೋಗುವುದು. ನೀರು ಹೊರುವ ಹೆಂಗಸರಿಗೆ ಅವಳೇ ಮುಂದಾಳು.

ಇನ್ನಂಜೆಯಲ್ಲಿ ಅವಳ ಕೈಗುಣಕ್ಕೆ ಹೆಸರಿತ್ತು. ಅವಳು ನೆಟ್ಟದ್ದು ಹಿಡಿಯುತ್ತದೆ ಎಂದು ಜನ ನಂಬಿದ್ದರು. ಯಾರ ಮನೆಯಲ್ಲಿ ತೆಂಗಿನ ಸಸಿ ಇಡುವುದಿರಲಿ, ಸೌತೆಯ ಬೀಜ ಊರುವುದಿರಲಿ, ಬಸಳೆಯ ಮೊದಲ ಬಳ್ಳಿ ನೆಡುವುದಿರಲಿ, ಅವಳನ್ನು ಕರೆದು ವೀಳ್ಯದೆಲೆ ಕೊಟ್ಟು ಮೊದಲನೆಯದನ್ನು ಅವಳ ಕೈಯಲ್ಲೇ ನೆಡಿಸುವುದು. ಅವಳಿಗೆ ಚಿನ್ನ ಇರಲಿಲ್ಲ, ಗದ್ದೆ ಇರಲಿಲ್ಲ. ಊರಿನಲ್ಲಿ ಅವಳಿಗೆ ಇದ್ದ ಸ್ಥಾನ ಅದೊಂದೇ.

ಗಿಡ ನೆಡುವ ಹಿಂದಿನ ದಿನ ಅಕ್ಕ ಒಂದು ಗುಂಡಿಗೆ ಇಳಿದು ತಳದ ಮಣ್ಣನ್ನು ಚಿಟಿಕೆ ತೆಗೆದು ನಾಲಗೆಗೆ ಇಟ್ಟಳು. ಉಗಿದಳು.

"ನೀನೂ ನೋಡು" ಎಂದಳು.

"ನನಗೆ ಮಣ್ಣು ತಿನ್ನಲಿಕ್ಕೆ ಪುರುಸೊತ್ತಿಲ್ಲ."

"ತಿನ್ನಲಿಕ್ಕೆ ಹೇಳಿದ್ದಲ್ಲ ಮಾರಾಯ, ನೆಕ್ಕಲಿಕ್ಕೆ. ಮೀನಿನ ಸಾರಿಗಿಂತ ಜಾಸ್ತಿ ಉಪ್ಪುಂಟು. ಅಪ್ಪ ಉಪ್ಪು ಹಾಕಿದ್ದು ಇಳಿಜಾರಿನಲ್ಲಿ. ಅಲ್ಲಿ ನೀರು ಬಸಿದು ಹೋಗ್ತಿತ್ತು. ಮತ್ತೆ ಅವರು ಒಂದು ಮಳೆಗಾಲ ಪೂರ್ತಿ ಬಿಟ್ಟು ಸಸಿ ಇಡ್ತಿದ್ದದ್ದು. ಇದು ರೋಲರ್ ಓಡಿದ ಜಾಗ. ಬಾಣಲೆಯ ಹಾಗೆ ನೀರು ನಿಂತಿತ್ತು. ನೀರು ಆರಿತು, ಉಪ್ಪು ಎಲ್ಲಿಗೆ ಹೋಗ್ತದೆ?"

"ಎಂತ ಮಾಡಬೇಕು ಹಾಗಾದರೆ?"

"ಗುಂಡಿಯ ಒಂದು ಬದಿ ಒಡೆದು ಇನ್ನೊಂದು ಗುಂಡಿಗೆ ನೀರು ಹರಿಯುವ ಹಾಗೆ ಕಣಿ ತೆಗೆ. ಕೊನೆಯದ್ದನ್ನು ಆ ಹಳೆಯ ಚರಂಡಿಗೆ ಬಿಡು. ಇನ್ನೊಂದು ಮಳೆಗಾಲ ತೊಳೆದು ಹೋಗಲಿ. ಈ ವರ್ಷ ನೆಡಬೇಡ."

ಪಟ್ಟಿಯ ಅಂಚಿನಲ್ಲಿ ವಿಮಾನದವರು ಕಲ್ಲು ಕಟ್ಟಿದ ಚರಂಡಿ ಇತ್ತು, ಹೌದು. ಅವಳು ಹೇಳಿದ್ದು ಸರಿ ಎಂದು ನನಗೆ ಅಲ್ಲೇ ಅನಿಸಿತು. ಆದರೆ ಸಮಿತಿಯವರು ಮರುದಿನ ಬರುವುದಿತ್ತು. ಗಿಡಗಳು ಲಾರಿಯಲ್ಲಿ ಬಂದಾಗಿತ್ತು. ಒಂದು ವರ್ಷ ಕಾಯಿರಿ ಎಂದು ನಾನು ಯಾವ ಬಾಯಿಯಲ್ಲಿ ಹೇಳುವುದು? ಯಾಕೆ ಎಂದು ಕೇಳಿದರೆ ಉಪ್ಪಿನ ವಿಷಯ ಬರುತ್ತದೆ.

"ಮೊದಲ ಗಿಡ ನೀನೇ ಇಡು ಅಕ್ಕ. ನಿನ್ನ ಕೈಗೆ ಎಂತದೂ ಸಾಯುವುದಿಲ್ಲ" ಎಂದೆ. ತಮಾಷೆಯ ಹಾಗೆ ಹೇಳಿದ್ದು. ನಿಜವಾಗಿ ಹೆದರಿಕೆಯಿಂದ ಹೇಳಿದ್ದು.

ಅವಳು ಗುಂಡಿಯಿಂದ ಮೇಲೆ ಬಂದಳು. ಬೇಡ ಎನ್ನಬಹುದಿತ್ತು. ಮರುದಿನ ಸಮಿತಿಯವರು ಬರುವ ಮೊದಲೇ, ಆಳುಗಳೆಲ್ಲ ನೋಡುತ್ತಿರುವಾಗ ಮೊದಲನೆಯ ಹೊಂಗೆ ಗಿಡವನ್ನು ಅವಳೇ ಇಟ್ಟಳು. ಮಣ್ಣು ಎಳೆದು, ಕಾಲಿನಿಂದ ಮೆಲ್ಲಗೆ ಒತ್ತಿ, ಒಂದು ಕೊಡ ನೀರು ಹೊಯ್ದಳು.

ಚಳಿ ಕಳೆಯುವವರೆಗೆ ಗಿಡಗಳು ನಿಂತಿದ್ದವು. ಬಿಸಿಲು ಏರಿದ ಹಾಗೆ ಎಲೆಯ ತುದಿ ಕಂದಾಯಿತು, ಆಮೇಲೆ ಅಂಚು, ಆಮೇಲೆ ಇಡೀ ಎಲೆ. ಗುಡ್ಡದ ಬುಡದ ಬಾವಿಯಿಂದ ಗಾಡಿಯಲ್ಲಿ ಪೀಪಾಯಿ ಏರಿಸಿ ತಂದು, ಅಲ್ಲಿಂದ ಹೆಂಗಸರು ಕೊಡದಲ್ಲಿ ಹೊತ್ತು ಗಿಡಕ್ಕೆ ಎರಡು ಕೊಡದ ಹಾಗೆ ಹಾಕುತ್ತಿದ್ದರು. ಅಕ್ಕ ಮೂರು ಹಾಕಿಸಿ ನೋಡಿದಳು. ಪ್ರಯೋಜನ ಆಗಲಿಲ್ಲ. ಮಾರ್ಚಿನ ಹೊತ್ತಿಗೆ ಸಾಲಿಡೀ ಒಣಗಿದ ಕೋಲುಗಳು.

ಇಂಜಿನಿಯರರು ಬಂದರು. ಒಂದು ಗಿಡವನ್ನು ಮುರಿದು ನೋಡಿದರು. ಒಳಗೂ ಒಣಗಿತ್ತು.

"ಯಾಕೆ ಸತ್ತಿತು?" ಎಂದು ಕೇಳಿದರು.

ಓವರ್ಸಿಯರ್ ಕೂಡಲೇ ಹೇಳಿದ: "ನೀರು ಹಾಕಿದರೆ ಅಲ್ವಾ ಸಾರ್ ಬದುಕುವುದು? ಹೆಂಗಸರು ಕಟ್ಟಡದ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುವುದು. ಮುಂದಾಳೇ ಹಾಗೆ ಇದ್ದರೆ ಉಳಿದವರಿಗೆ ಎಂತ ಹೇಳುವುದು?"

ಇಂಜಿನಿಯರರು ನನ್ನ ಕಡೆ ತಿರುಗಿದರು. "ಹೌದಾ ಮೇಸ್ತ್ರಿ?"

ನಾನು ಬಟ್ಟೆಯಿಲ್ಲದ ಆ ಕಂಬವನ್ನು ನೋಡಿದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರು ನನ್ನ ಮೌನವನ್ನು ಹೌದು ಎಂದೇ ತೆಗೆದುಕೊಂಡರು. "ಮುಂದಾಳನ್ನು ಬದಲಿಸಿ" ಎಂದು ಹೇಳಿ ನಡೆದರು. ಅವಳು ನನ್ನ ಅಕ್ಕ ಎಂದು ಅವರಿಗೆ ಗೊತ್ತಿರಲಿಲ್ಲ.

ಅಕ್ಕನೇ ಹೇಳಬಹುದಿತ್ತು. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅವಳು ಕೊಡಪಾನವನ್ನು ನೆಲದ ಮೇಲೆ ಕವುಚಿ ಇಟ್ಟು, ಸೆರಗಿನಿಂದ ಕೈ ಒರಸಿಕೊಂಡು, ದಾರಿ ಹಿಡಿದಳು. ಆ ಸಂಜೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದದ್ದು ನಾನೇ. ಗೆರೆ ಸೊಟ್ಟ ಹೋಗಬಾರದೆಂದು ಸ್ಕೇಲು ಇಟ್ಟು ಎಳೆದೆ.

ಇನ್ನಂಜೆಯಿಂದ ಇನ್ನೊಬ್ಬ ಹೆಂಗಸು ನೀರಿನ ಕೆಲಸಕ್ಕೆ ಬರುತ್ತಿದ್ದಳು, ಅಕ್ಕನಿಗಿಂತ ಹಿರಿಯಳು. ಮಳೆ ಬರುವ ಮೊದಲು ಒಂದು ದಿನ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಕೂತಳು.

"ಈ ಸಲ ನಿನ್ನ ಅಕ್ಕನನ್ನು ಯಾರೂ ಕರೆಯಲಿಲ್ಲ, ಗೊತ್ತುಂಟಾ?"

"ಎಲ್ಲಿಗೆ?"

"ಎಲ್ಲಿಗೂ. ಸೌತೆ ಬೀಜಕ್ಕೂ ಇಲ್ಲ. ಪದವಿನಲ್ಲಿ ಅವಳು ಇಟ್ಟ ಗಿಡದಿಂದ ಸುರುವಾಗಿ ಎಲ್ಲ ಸತ್ತವಲ್ಲ. ಕೈ ಕೆಟ್ಟಿತು ಅಂತ ಜನ ಹೇಳ್ತಾರೆ. ಮೊನ್ನೆ ನೆರೆಮನೆಗೆ ಹೋದಾಗ ಬಸಳೆ ಚಪ್ಪರ ಮುಟ್ಟಬೇಡ ಅಂದರಂತೆ. ನಗಾಡ್ತಾ ಅಂದದ್ದೇ. ಆದರೆ ಅಂದರು."

ನಾನು ಬುತ್ತಿ ಮುಚ್ಚಿಟ್ಟೆ.

ಅದೇ ವಾರ ಹೊಸ ಗಿಡಗಳು ಲಾರಿಯಲ್ಲಿ ಬಂದವು. ಅದೇ ಗುಂಡಿಗಳಲ್ಲಿ ಮೊದಲ ಮಳೆಗೆ ನೆಡುವುದೆಂದು ಓವರ್ಸಿಯರ್ ಹೇಳಿದ. ಈ ಸಲವೂ ಸತ್ತರೆ ಸಮಿತಿಯವರು ಕೈಬಿಡುತ್ತಾರೆ, ಜಾಗವನ್ನು ಕಲ್ಲು ಕಡಿಯುವವರಿಗೆ ಕೊಡುತ್ತಾರೆ ಎಂಬ ಮಾತೂ ಇತ್ತು. ಸಾಯುವುದು ನನಗೆ ಖಂಡಿತ ಗೊತ್ತಿತ್ತು. ಸತ್ತ ಮೇಲೆ ಇನ್ನೊಬ್ಬ ಹೆಂಗಸಿನ ಹೆಸರಿಗೆ ಗೆರೆ ಎಳೆಯಬೇಕು. ನನ್ನ ಹತ್ತಿರ ಕೂತು ಊಟ ಮಾಡಿದವಳದ್ದೇ ಇರಬಹುದು.

ಭಾನುವಾರ ಬೆಳಿಗ್ಗೆ ಎರಡು ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿಸಿ ಉಡುಪಿಗೆ ನಡೆದೆ. ಒಂದರಲ್ಲಿ ಗುಂಡಿಯ ತಳದ ಮಣ್ಣು, ಒಂದರಲ್ಲಿ ಪದವಿನ ಹೊರಗಿನ ಮಣ್ಣು. ಇಂಜಿನಿಯರರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಎರಡನ್ನೂ ಮುಂದಿಟ್ಟು, "ನಾಲಗೆಗೆ ಇಟ್ಟು ನೋಡಬೇಕು ಸಾರ್" ಎಂದೆ. ಮರುಳು ಹಿಡಿದಿದೆ ಎಂದು ಎಣಿಸಿರಬೇಕು. ಆದರೂ ನೋಡಿದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು.

"ಉಪ್ಪು ಹಾಕಿದ್ದು ಯಾರು?"

"ನಾನು ಸಾರ್."

"ಎಷ್ಟು ಗುಂಡಿಗೆ?"

"ಎಲ್ಲದಕ್ಕೂ."

"ಮಾರ್ಚಿನಲ್ಲಿ ನಾನು ಕೇಳಿದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಗೆರಟೆಗಳನ್ನು ಬದಿಗೆ ಸರಿಸಿದರು. ಇನ್ನು ಏನು ಮಾಡಬೇಕೆಂದು ಅವರೇ ಕೇಳಿದಾಗ, ಗುಂಡಿಗಳನ್ನು ಒಂದಕ್ಕೊಂದು ಸೇರಿಸಿ ಚರಂಡಿಗೆ ಬಿಡುವುದು, ಒಂದು ಮಳೆಗಾಲ ನೆಡದೆ ತೊಳೆಯುವುದು ಎಂದು ಹೇಳಿದೆ. ಅವರು ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ನೋಡಿದರು.

"ಸರಿಯುಂಟು. ಇದು ನಿನ್ನ ಯೋಚನೆಯಾ?"

"ಅಲ್ಲ ಸಾರ್. ನೀವು ತೆಗೆದು ಹಾಕಿದ ಹೆಂಗಸಿನದ್ದು. ನೆಡುವ ಮೊದಲೇ ಹೇಳಿದ್ದಳು. ಅವಳು ನನ್ನ ಅಕ್ಕ."

ಅವರು ಪೆನ್ಸಿಲು ಕೆಳಗಿಟ್ಟರು. ಬೈಯುತ್ತಾರೆಂದು ಎಣಿಸಿದ್ದೆ. "ಪಾರ್ಕಿನ ಕೆಲಸವನ್ನು ನಾನು ಸರಿ ಮಾಡಿಸ್ತೇನೆ. ಸಮಿತಿಗೂ ಹೇಳ್ತೇನೆ. ಇನ್ನೊಂದನ್ನು ಸರಿ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು, ಅಷ್ಟೇ.

ಮೇಸ್ತ್ರಿಯ ಕೆಲಸದಿಂದ ನನ್ನನ್ನು ಇಳಿಸಿದರು. ಹಾಜರಿ ಪುಸ್ತಕ ಬೇರೆಯವನ ಕೈಗೆ ಹೋಯಿತು. ನಾನು ಪಿಕಾಸು ಹಿಡಿದೆ. ಮಳೆ ಹಿಡಿಯುವ ಮೊದಲು ಗುಂಡಿಗಳ ಮಣ್ಣು ಎತ್ತಿ ಹಾಕಿ, ಗುಂಡಿಯಿಂದ ಗುಂಡಿಗೆ ಒಂದು ಗೇಣು ಅಗಲದ ಕಣಿ ಕಡಿದೆವು. ಕಣಿಯ ಆಳ ಗುಂಡಿಯ ತಳಕ್ಕಿಂತ ಮೇಲೆ ನಿಂತರೆ ಉಪ್ಪುನೀರು ಅಲ್ಲೇ ಉಳಿಯುತ್ತದೆ. ಅದಕ್ಕೆ ದಾರ ಕಟ್ಟಿ, ನೀರು ಹೊಯ್ದು, ಇಳಿಜಾರು ಸರಿಯಾಗುವವರೆಗೆ ಮತ್ತೆ ಮತ್ತೆ ಕಡಿಯಬೇಕಾಯಿತು. ಗಿಡಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಕಟ್ಟಡದ ನೆರಳಿಗೆ ಇಟ್ಟೆವು. ಮಳೆ ಬಂದಾಗ ಚರಂಡಿಯಲ್ಲಿ ಕೆಂಪು ನೀರು ಹರಿಯಿತು. ವಾರಕ್ಕೊಮ್ಮೆ ನಾನು ಪ್ರತಿ ಗುಂಡಿಗೆ ಇಳಿದು ಮಣ್ಣು ನೆಕ್ಕುತ್ತಿದ್ದೆ. ಆಳುಗಳು ನಗುತ್ತಿದ್ದರು. "ಇವತ್ತು ಸಾರು ಹೇಗುಂಟು ಮಾಜಿ ಮೇಸ್ತ್ರಿ? ಹುಳಿ ಸಾಕಾ?"

ಆಗಸ್ಟಿನ ನಡುವೆ, ಆಟಿ ತಿಂಗಳು ಕಳೆಯುವಾಗ, ಬಾಯಿಗೆ ಬರೇ ಮಣ್ಣಿನ ರುಚಿ ಬಂತು. ಕಣಿ ಮುಚ್ಚಿ, ತರಗೆಲೆ ಉರಿಸಿ ಮಾಡಿದ ಸುಡುಮಣ್ಣು ತುಂಬಿಸಿ, ಗಿಡ ಇಟ್ಟೆವು. ಮೊದಲನೆಯ ಗುಂಡಿಗೆ ಯಾರ ಕೈಯನ್ನೂ ಕರೆಯಲಿಲ್ಲ. ಯಾರಿಟ್ಟರೋ ನನಗೆ ನೆನಪಿಲ್ಲ.

ಅಕ್ಕನಿಗೆ ಮತ್ತೆ ಕೆಲಸ ಕೊಡಬೇಕೆಂದು ಇಂಜಿನಿಯರರೇ ಹೇಳಿದ್ದರು. ಇನ್ನಂಜೆಯ ಆ ಹೆಂಗಸಿನ ಹತ್ತಿರ ಹೇಳಿ ಕಳುಹಿಸಿದೆ. ಉತ್ತರ ಬಂತು: "ಗೆರೆ ಎಳೆದವನು ಬಂದು ಹೇಳಲಿ."

ನಾನು ಹೋಗಲಿಲ್ಲ. ಗಿಡ ಬೇರು ಹಿಡಿಯಲಿ, ಆಮೇಲೆ ಹೋಗುವ ಎಂದುಕೊಂಡೆ. ಬೇಸಿಗೆ ಕಳೆಯಲಿ ಎಂದುಕೊಂಡೆ. ಒಳ್ಳೆಯ ಸುದ್ದಿ ಕೈಯಲ್ಲಿದ್ದರೆ ಹೇಳಲು ಸುಲಭ ಎಂದು ಎಣಿಸಿದ್ದೆ. ಬೇಸಿಗೆಯಲ್ಲಿ ಹೊಂಗೆ ಚಿಗುರಿತು. ಜನ ಸಂಜೆ ಬಂದು ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಾಡಲು ಸುರು ಮಾಡಿದರು. ಕಲ್ಯಾಣಪುರದ ಕಡೆಯಿಂದ ಒಂದು ಕುಟುಂಬ ಚಾಪೆ, ಬುತ್ತಿ ತಂದು ಮೊಣಕಾಲೆತ್ತರದ ಗಿಡದ ಬುಡದಲ್ಲಿ ನೆರಳು ಇದೆ ಎಂಬ ಹಾಗೆ ಕೂತು ಊಟ ಮಾಡಿದ್ದನ್ನು ನೋಡಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೂನಿನಲ್ಲಿ ಮಳೆ ಎರಡು ದಿನ ಬಿಟ್ಟಾಗ ಬಸ್ಸು ಹತ್ತಿದೆ. ಉದ್ಯಾವರದ ಹೊಳೆ ದಾಟಿ ಕಾಪುವಿನಲ್ಲಿ ಇಳಿದು ಇನ್ನಂಜೆಗೆ ನಡೆದೆ.

ಭಾವ ಜಗಲಿಯಲ್ಲಿ ಕಾಲು ಚಾಚಿ ತೆಂಗಿನ ಮಡಲು ಹೆಣೆಯುತ್ತಿದ್ದರು. "ಬಾ, ಕೂತುಕೊ" ಎಂದರು. ಅಕ್ಕ ಒಳಗಿನಿಂದ ಬೆಲ್ಲವೂ ನೀರೂ ತಂದು ಮುಂದಿಟ್ಟಳು, ನೆಂಟರಿಗೆ ಇಡುವ ಹಾಗೆ. ಅವಳು ನನಗೆ ಯಾವತ್ತೂ ಹಾಗೆ ಇಟ್ಟವಳಲ್ಲ. ಒಳಗೆ ಹೋಗಿ ಬೇಕಾದ್ದು ತೆಗೆದುಕೊ ಎನ್ನುವವಳು.

"ಗಿಡ ಚಿಗುರಿತು ಅಕ್ಕ."

"ಕೇಳಿದೆ."

"ನೀನು ಹೇಳಿದ ಹಾಗೇ ಮಾಡಿದ್ದು. ನಾನು ಆ ದಿನ..."

"ಇಲ್ಲಿ ಹೇಳಬೇಡ" ಎಂದಳು. ಸ್ವರ ಏರಿಸಲಿಲ್ಲ. "ಇಲ್ಲಿ ಇರುವ ಇಬ್ಬರಿಗೂ ಗೊತ್ತುಂಟು. ನನ್ನ ಕೈ ಕೆಟ್ಟದ್ದು ಈ ಮನೆಯ ಒಳಗೆ ಅಲ್ಲ."

ನೆರೆಮನೆಯ ಅಂಗಳದಲ್ಲಿ ಜನ ಸೇರಿದ್ದರು. ಬೇಲಿಯಾಚೆ ತೆಂಗಿನ ಸಸಿ ಇಡುವ ಗುಂಡಿ ತಯಾರಾಗಿತ್ತು. ಮೊದಲನೆಯದನ್ನು ಯಾರು ಇಡುವುದು ಎಂದು ಮಾತಾಗುತ್ತಿತ್ತು. ಅಕ್ಕ ಕೊಟ್ಟಿದ್ದ ನೀರನ್ನು ಕುಡಿದೆ. ಎದ್ದು, ಬೇಲಿ ದಾಟಿ ಆ ಅಂಗಳದಲ್ಲಿ ನಿಂತೆ. ಅಕ್ಕ ಬಂದು ಬೇಲಿಯ ಹತ್ತಿರ ನಿಂತದ್ದು ಕಂಡಿತು. ಹೇಳಿದೆ, ಆದರೆ ನೆಲ ನೋಡಿ, ಗೊಣಗಿದ ಹಾಗೆ.

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಆ ಮನೆಯ ಅಜ್ಜಿ ಕಿವಿಗೆ ಕೈ ಇಟ್ಟರು. "ಯಾರಿದು? ಅವಳ ತಮ್ಮನಾ? ಜೋರು ಹೇಳು ಮಾರಾಯ, ನನಗೆ ಕೇಳುವುದಿಲ್ಲ."

ಯಾರೋ ನಕ್ಕರು. ನಾನು ತಲೆ ಎತ್ತಿ, ಆಳುಗಳನ್ನು ಕರೆಯುವಾಗ ಪದವಿನ ಮೇಲೆ ಕೂಗುತ್ತಿದ್ದ ಸ್ವರದಲ್ಲಿ ಹೇಳಿದೆ:

"ವಿಮಾನ ಪದವಿನ ಗಿಡಗಳನ್ನು ಕೊಂದದ್ದು ಅಕ್ಕನ ಕೈ ಅಲ್ಲ ಅಜ್ಜಿ, ನಾನು ಹಾಕಿದ ಉಪ್ಪು. ನೆಡಬೇಡ ಅಂತ ಅವಳು ಹೇಳಿದ್ದಳು. ನಾನೇ ಒತ್ತಾಯ ಮಾಡಿ ಅವಳ ಕೈಯಲ್ಲಿ ನೆಡಿಸಿದೆ. ಅವಳು ನೀರು ಹಾಕಲಿಲ್ಲ ಅಂತ ಸುಳ್ಳು ಹೇಳಿದಾಗ ನಾನು ಅಲ್ಲೇ ಇದ್ದು ಸುಮ್ಮನಾದೆ. ಈಗ ಅಲ್ಲಿ ಗಿಡ ಬದುಕಿದ್ದು ಅವಳು ಹೇಳಿಕೊಟ್ಟದ್ದರಿಂದ." ಬೇಲಿಯ ಕಡೆ ತಿರುಗಿದೆ. "ಅಕ್ಕ, ನನ್ನಿಂದ ತಪ್ಪಾಯಿತು. ಆ ದಿನವೇ ಹೇಳಬೇಕಿತ್ತು. ನನ್ನನ್ನು ಕ್ಷಮಿಸು."